ವಸಡಿನ ಸುದ್ದಿ ಚರ್ಮದ ಡಾಕ್ಟರಿಗೂ ಗೊತ್ತಾಗಲಿ

ಬೆಳಗ್ಗೆ ಹಲ್ಲುಜ್ಜುವಾಗ ಬಾಯಿಂದ ರಕ್ತ ಬಂದರೆ ನಮ್ಮ ಮನೆಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಬ್ರಶ್ ಗಟ್ಟಿಯಾಗಿತ್ತು ಎನ್ನುತ್ತೇವೆ, ಉಷ್ಣ ಆಗಿರಬೇಕು ಎನ್ನುತ್ತೇವೆ, ಬಾಯಿ ಮುಕ್ಕಳಿಸಿ ಚಹಾಕ್ಕೆ ಕೂರುತ್ತೇವೆ. ಇದೇ ರಕ್ತ ಮೊಣಕೈಯಿಂದ ದಿನಾ ಬೆಳಗ್ಗೆ ಬರುತ್ತಿದ್ದರೆ ಮೂರನೇ ದಿನ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಿರುತ್ತಿದ್ದೆವು. ಬಾಯಿಯೊಳಗಿನದ್ದು ಯಾರಿಗೂ ಕಾಣುವುದಿಲ್ಲ, ನೋವೂ ಇಲ್ಲ, ಹಾಗಾಗಿ ವರ್ಷಗಟ್ಟಲೆ ನಡೆಯುತ್ತದೆ.

ಚರ್ಮದ ಕಾಯಿಲೆಯ ವಿಷಯದಲ್ಲಿ ನಾವು ಇದಕ್ಕೆ ಸರೀ ತಿರುಗಾಮುರುಗಾ. ಮಗಳ ಮೊಣಕೈ ಮೇಲೆ ಬೆಳ್ಳಿ ಬಣ್ಣದ ಹೊಟ್ಟು ಏಳುವ ಕೆಂಪು ಕಲೆಯೊಂದು ಕಂಡರೆ ಉಮ್ಮನಿಗೆ ರಾತ್ರಿ ನಿದ್ದೆ ಇಲ್ಲ. ಡಾಕ್ಟರ ಹೆಸರು ಬರುವ ಮೊದಲು ನೆರೆಮನೆಯವರ ಹೆಸರು ಬರುತ್ತದೆ: "ಅವರಿಗೆ ಗೊತ್ತಾಗುವುದು ಬೇಡ." ಉದ್ದ ತೋಳಿನ ಅಂಗಿ, ಮದುವೆಮನೆಗೆ ಹೋಗದಿರಲು ನೆಪ, ಯಾರೋ ಕೊಟ್ಟ ಎಣ್ಣೆ, ಮೆಡಿಕಲ್‌ನಿಂದ ಚೀಟಿ ಇಲ್ಲದೆ ತಂದ ಟ್ಯೂಬು. ವಸಡಿನ ಕಾಯಿಲೆಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಚರ್ಮದ್ದನ್ನು ಲೆಕ್ಕಕ್ಕೆ ಸಿಗದ ಹಾಗೆ ಮುಚ್ಚಿಡುತ್ತೇವೆ. ಈ ಎರಡಕ್ಕೂ ಒಳಗಿಂದೊಳಗೆ ನಂಟಿದೆ ಎಂದು ವೈದ್ಯಲೋಕ ಕೆಲವು ವರ್ಷಗಳಿಂದ ಹೇಳುತ್ತಿದೆ. ಆ ನಂಟು ಎಷ್ಟು, ಎಲ್ಲಿಯ ತನಕ ಎಂಬುದನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು. ಹೆಚ್ಚಿಸಿ ಹೇಳಿದರೂ ಅಪಾಯ, ಕಮ್ಮಿ ಮಾಡಿ ಹೇಳಿದರೂ ನಷ್ಟ.

ಮೊದಲು ಸೋರಿಯಾಸಿಸ್ ಎಂದರೆ ಏನು ಎಂದು ನೋಡೋಣ. ಇದು ಕೊಳಕಿನಿಂದ ಬರುವುದಲ್ಲ, ಹುಳಕಡ್ಡಿಯ ಹಾಗೆ ಅಂಟುವುದೂ ಅಲ್ಲ. ಒಂದೇ ಬಟ್ಟಲಲ್ಲಿ ಉಂಡರೂ ಬಾರದು, ಕೈ ಕುಲುಕಿದರೂ ಬಾರದು. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ಚರ್ಮದ ಮೇಲೇ ಯುದ್ಧಕ್ಕೆ ನಿಂತಾಗ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬದಲಾಗಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ರಾಶಿ ಬೀಳುತ್ತವೆ. ಅದೇ ಆ ಹೊಟ್ಟು. ಕೆಲವರಿಗೆ ಉಗುರಿನಲ್ಲಿ ಚುಕ್ಕೆ ಚುಕ್ಕೆ ಗುಳಿ ಬೀಳುತ್ತದೆ, ಕೆಲವರಿಗೆ ಗಂಟುಗಳಲ್ಲೂ ಬಾವು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದರ ಬಗ್ಗೆ ಪ್ರತ್ಯೇಕ ನಿರ್ಣಯವನ್ನೇ ಮಾಡಿತು. 2016ರ ಅದರ ವರದಿಯ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 10 ಕೋಟಿ ಮಂದಿಗೆ ಈ ಕಾಯಿಲೆ ಇದೆ. ಹಾಗಿರುವಾಗ ನಮ್ಮ ಜಮಾಅತ್‌ನಲ್ಲಿ ಯಾರಿಗೂ ಇಲ್ಲ ಎಂದುಕೊಂಡರೆ, ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಎಂದಷ್ಟೇ ಅರ್ಥ.

ಇನ್ನು ವಸಡು. ಹಲ್ಲಿನ ಬುಡದಲ್ಲಿ ದಿನಾ ಒಂದು ತೆಳು ಅಂಟು ಪದರ ಕೂರುತ್ತದೆ. ತೆಗೆಯದಿದ್ದರೆ ಅದು ಗಟ್ಟಿಯಾಗಿ ಕಿಟ್ಟ ಆಗುತ್ತದೆ. ವಸಡು ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ. ಈ ಹಂತದಲ್ಲಿ ಶುಚಿ ಮಾಡಿಸಿದರೆ ಪೂರ್ತಿ ಸರಿಯಾಗುತ್ತದೆ. ಸುಮ್ಮನೆ ಬಿಟ್ಟರೆ ಕೆಲವರಲ್ಲಿ ಹಲ್ಲು ಮತ್ತು ವಸಡಿನ ನಡುವೆ ಸಂದು ಆಳವಾಗಿ, ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗಲು ಶುರುವಾಗುತ್ತದೆ. ಕರಗಿದ ಮೂಳೆ ಮೊದಲಿನ ಹಾಗೆ ಬೆಳೆದು ಬರುವುದಿಲ್ಲ. ಬಾಯಿಯಲ್ಲಿ ಹೆಚ್ಚಿನ ಹಲ್ಲುಗಳ ಸುತ್ತ ಇಂತಹ ಸಂದುಗಳಿದ್ದರೆ ಒಳಗಿನ ಹುಣ್ಣಾದ ಜಾಗವನ್ನೆಲ್ಲ ಬಿಡಿಸಿ ಹಾಸಿದರೆ ಕೆಲವು ಚದರ ಸೆಂಟಿಮೀಟರ್ ಅಗಲದ ಗಾಯವಾದೀತು. ಆ ಗಾಯದ ಮೇಲೆಯೇ ನಾವು ಮೂರು ಹೊತ್ತು ಅಗಿಯುತ್ತೇವೆ. ಅಗಿದಾಗ, ಉಜ್ಜಿದಾಗ ಅಲ್ಲಿನ ರೋಗಾಣುಗಳು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಸೇರುತ್ತವೆ, ಮೈಯ ಕಾವಲುಪಡೆ ಹಗಲೂ ರಾತ್ರಿ ಎಚ್ಚರದಲ್ಲೇ ಇರಬೇಕಾಗುತ್ತದೆ.

ನಂಟು ಇಲ್ಲಿ ಶುರುವಾಗುತ್ತದೆ. ಕಾವಲುಪಡೆಯ ಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸುವ ಕೆಲವು ರಾಸಾಯನಿಕಗಳಿವೆ. ಐಎಲ್-17, ಐಎಲ್-23, ಟಿಎನ್‌ಎಫ್ ಎಂಬ ಹೆಸರುಗಳನ್ನು ಸೋರಿಯಾಸಿಸ್‌ಗೆ ಚಿಕಿತ್ಸೆ ಪಡೆಯುವವರು ಕೇಳಿರಬಹುದು. ಈಗ ಬಂದಿರುವ ದುಬಾರಿ ಇಂಜೆಕ್ಷನ್‌ಗಳು ಹೊಡೆಯುವುದು ಇವುಗಳ ಮೇಲೆಯೇ. ಊದಿದ ವಸಡಿನೊಳಗೆ ಏರಿರುವುದೂ ಇದೇ ರಾಸಾಯನಿಕಗಳು. ಹಾಗಾಗಿ ಒಂದು ಕಡೆಯ ಕಾವು ಇನ್ನೊಂದು ಕಡೆಗೂ ತಾಗುತ್ತದೆಯೇ ಎಂದು ಸಂಶೋಧಕರು ಹುಡುಕಲು ಹೊರಟರು.

ನಾರ್ವೆಯಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಧ್ಯಮ ಮತ್ತು ತೀವ್ರ ಸೋರಿಯಾಸಿಸ್ ಇರುವ 50 ಮಂದಿಯ ಬಾಯಿ ಪರೀಕ್ಷಿಸಿದಾಗ 24 ಶೇಕಡಾ ಮಂದಿಗೆ ಮೂಳೆಗೆ ಇಳಿದ ವಸಡಿನ ರೋಗ ಇತ್ತು. ಸೋರಿಯಾಸಿಸ್ ಇಲ್ಲದವರಲ್ಲಿ ಅದು 10 ಶೇಕಡಾ. ತೈವಾನ್‌ನಲ್ಲಿ ಲೆಕ್ಕ ಇನ್ನೂ ದೊಡ್ಡದು. ಅಲ್ಲಿ ಹೆಚ್ಚುಕಮ್ಮಿ ಇಡೀ ದೇಶಕ್ಕೆ ಒಂದೇ ಆರೋಗ್ಯ ವಿಮೆ ಇರುವುದರಿಂದ ಲಕ್ಷಕ್ಕೂ ಹೆಚ್ಚು ವಸಡುರೋಗಿಗಳ ದಾಖಲೆಯನ್ನು ಐದು ವರ್ಷ ಹಿಂಬಾಲಿಸಲು ಸಾಧ್ಯವಾಯಿತು. ವಸಡಿನ ರೋಗ ಇದ್ದವರಿಗೆ ಮುಂದೆ ಸೋರಿಯಾಸಿಸ್ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು 2012ರಲ್ಲಿ ಬಂದ ಆ ವರದಿ ಹೇಳಿತು. ವಸಡಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಆ ಹೆಚ್ಚಳ ಕಮ್ಮಿ ಇತ್ತು. ಡೆನ್ಮಾರ್ಕ್‌ನವರು ಬೇರೆ ತುದಿಯಿಂದ ನೋಡಿದರು: ಸೋರಿಯಾಸಿಸ್ ಇದ್ದವರಿಗೆ ವಸಡಿನ ರೋಗ ಹೆಚ್ಚು, ಗಂಟುನೋವೂ ಸೇರಿದ ಸೋರಿಯಾಸಿಸ್ ಇದ್ದವರಿಗೆ ಇನ್ನೂ ಹೆಚ್ಚು.

ಹಾಗಾದರೆ ಹಲ್ಲು ಕ್ಲೀನ್ ಮಾಡಿಸಿದರೆ ಸೋರಿಯಾಸಿಸ್ ಹೋಗುತ್ತದಾ? ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಯಾಕೆಂದರೆ ನಾಳೆಯೇ ಯಾರಾದರೂ ವಾಟ್ಸ್ಆ್ಯಪ್‌ನಲ್ಲಿ "ಸೋರಿಯಾಸಿಸ್‌ಗೆ ಒಂದೇ ದಿನದ ಪರಿಹಾರ" ಅಂತ ಹಾಕಿಬಿಡಬಹುದು. ಎರಡು ಕಾಯಿಲೆ ಒಟ್ಟಿಗೆ ಕಾಣಿಸಿದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಬಂತು ಎನ್ನಲಾಗದು. ಬೀಡಿ ಸಿಗರೇಟು ಸೇದುವುದು ಎರಡಕ್ಕೂ ಕಾರಣ, ಬೊಜ್ಜು ಎರಡಕ್ಕೂ ಜೊತೆಗಾರ, ಸಕ್ಕರೆ ಕಾಯಿಲೆಯೂ ಹಾಗೆಯೇ. ವಸಡಿಗೆ ಚಿಕಿತ್ಸೆ ಕೊಟ್ಟ ಮೇಲೆ ಚರ್ಮವೂ ಸ್ವಲ್ಪ ಸುಧಾರಿಸಿತು ಎನ್ನುವ ಅಧ್ಯಯನಗಳು ಇವೆ, ಆದರೆ ಅವು ಚಿಕ್ಕವು. ಅವನ್ನು ನೆಚ್ಚಿಕೊಂಡು ಚರ್ಮದ ಡಾಕ್ಟರು ಕೊಟ್ಟ ಮದ್ದು ನಿಲ್ಲಿಸುವವರು ದೊಡ್ಡ ತೊಂದರೆಗೆ ಬೀಳುತ್ತಾರೆ.

ವೈದ್ಯಲೋಕವೇ ಹಿಂದೊಮ್ಮೆ ಈ ವಿಷಯದಲ್ಲಿ ಅತಿರೇಕಕ್ಕೆ ಹೋಗಿತ್ತು. ಲಂಡನ್‌ನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ, ಮತ್ತೆ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ ಬಾಯಿಯ ಕೀವೇ ಎಷ್ಟೋ ಕಾಯಿಲೆಗಳಿಗೆ ಮೂಲ ಎಂದು ವಾದಿಸಿದ. ಅದರ ಬೆನ್ನಿಗೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕೆಲವು ದಶಕ ಕಾಲ ಗಂಟುನೋವಿಗೂ ಹಲ್ಲು ಕಿತ್ತರು, ಮಾನಸಿಕ ಕಾಯಿಲೆಗೂ ಕಿತ್ತರು. ಹಲ್ಲು ಹೋಯಿತು, ಕಾಯಿಲೆ ಹಾಗೆಯೇ ಉಳಿಯಿತು. ಕೊನೆಗೆ ಆ ವಾದವೇ ಮೂಲೆಗೆ ಬಿತ್ತು. ಅದರ ನೆನಪಿನಿಂದಲೇ ಇರಬೇಕು, ಇವತ್ತಿನ ಸಂಶೋಧಕರು ಬಹಳ ಅಳೆದು ತೂಗಿ ಮಾತಾಡುತ್ತಾರೆ. ನಮಗೂ ಅದೇ ಒಳ್ಳೆಯದು.

ಆದರೆ ಬಾಯಿ ಗಂಟಲಿನ ಸೋಂಕು ಚರ್ಮವನ್ನು ಕೆಣಕಬಲ್ಲದು ಎಂಬುದಕ್ಕೆ ಒಂದು ಗಟ್ಟಿ ಉದಾಹರಣೆ ಮೊದಲೇ ಇದೆ. ಮಕ್ಕಳಿಗೆ, ಹದಿಹರೆಯದವರಿಗೆ ಸ್ಟ್ರೆಪ್ಟೋಕಾಕಸ್ ರೋಗಾಣುವಿನಿಂದ ಗಂಟಲುನೋವು ಬಂದು ಒಂದೆರಡು ವಾರಗಳ ಬಳಿಕ ಮೈತುಂಬ ಹನಿ ಚೆಲ್ಲಿದ ಹಾಗೆ ಸಣ್ಣ ಕೆಂಪು ಕಲೆಗಳು ಏಳುವುದುಂಟು. ಅದೂ ಸೋರಿಯಾಸಿಸ್‌ನದ್ದೇ ಒಂದು ರೂಪ, ಪಾಠಪುಸ್ತಕದಲ್ಲೇ ಇರುವ ವಿಷಯ. ಹಾಗಾಗಿ ವಸಡಿನ ಮಾತೂ ಬುಡವಿಲ್ಲದ್ದಲ್ಲ.

ಇನ್ನೊಂದು ನಂಟು ಇದೆ, ಅದು ಇನ್ನೂ ನೇರ. ಕೆಲವು ಚರ್ಮದ ಕಾಯಿಲೆಗಳು ಬಾಯಿಯಲ್ಲೇ ಮನೆ ಮಾಡುತ್ತವೆ. ಲೈಕನ್ ಪ್ಲೇನಸ್ ಎಂಬುದು ಮಧ್ಯವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆ, ವಸಡು ಕೆಂಪಗಾಗಿ ಸಿಪ್ಪೆ ಏಳುವುದು, ಮೀನು ಸಾರಿನ ಖಾರ ನಾಲಗೆಗೆ ತಾಗಿದರೆ ಕಣ್ಣಲ್ಲಿ ನೀರು. ಪೆಂಫಿಗಸ್ ಎಂಬ ಗುಳ್ಳೆ ರೋಗ ಎಷ್ಟೋ ಮಂದಿಗೆ ಮೊದಲು ಬಾಯಿಹುಣ್ಣಾಗಿಯೇ ಬರುತ್ತದೆ, ಮೈಮೇಲೆ ಗುಳ್ಳೆ ಏಳುವುದು ತಿಂಗಳುಗಳ ಮೇಲೆ. ಅಷ್ಟರ ತನಕ "ಬಿ ಕಾಂಪ್ಲೆಕ್ಸ್ ಕಮ್ಮಿಯಾಗಿದೆ" ಅಂತ ಮಾತ್ರೆ ನುಂಗಿಕೊಂಡು ಇರುತ್ತಾರೆ. ಎರಡು ಮೂರು ವಾರ ಕಳೆದರೂ ವಾಸಿಯಾಗದ ಬಾಯಿಹುಣ್ಣನ್ನು ತೋರಿಸಲೇಬೇಕು. ಎಲೆ ಅಡಿಕೆ ಹಾಕುವ ಹಿರಿಯರು, ಗುಟ್ಕಾ ಬಿಡದ ಹುಡುಗರು ಇನ್ನೂ ಬೇಗ ತೋರಿಸಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿ ಎಷ್ಟೋ ವರ್ಷವಾಯಿತು. ಅಡಿಕೆ ಬೆಳೆದು ಬದುಕುವ ಊರಿನಲ್ಲಿ ಈ ಮಾತು ರುಚಿಸುವುದಿಲ್ಲ, ಆದರೂ ಹೇಳಲೇಬೇಕು.

ಈಗ ನಮ್ಮ ಮನೆಗಳಿಗೆ ಬರೋಣ. ಮಿಸ್ವಾಕ್‌ನ ಮಹತ್ವ ಮದ್ರಸದ ಒಂದನೇ ತರಗತಿಯ ಮಗುವಿಗೂ ಗೊತ್ತು. ದಿನಕ್ಕೆ ಐದು ಸಲ ವುಝೂ ಮಾಡುವಾಗ ಬಾಯಿ ಮುಕ್ಕಳಿಸುವ ಸಮುದಾಯ ನಮ್ಮದು. ಅರಾಕ್ ಮರದ ಬೇರನ್ನು ಸರಿಯಾಗಿ ಬಳಸಿದರೆ ಬ್ರಶ್‌ಗೆ ಸಮ ಎಂದು ಹೇಳುವ ಅಧ್ಯಯನಗಳೂ ಇವೆ. ಆದರೆ "ಸರಿಯಾಗಿ" ಎಂಬಲ್ಲೇ ನಾವು ಜಾರುತ್ತೇವೆ. ಜೇಬಿನಿಂದ ತೆಗೆದು ಎದುರಿನ ನಾಲ್ಕು ಹಲ್ಲಿಗೆ ನಾಲ್ಕು ಸಲ ಉಜ್ಜಿ ಮತ್ತೆ ಜೇಬಿಗೆ ಹಾಕಿದರೆ ಹಿಂದಿನ ದವಡೆ ಹಲ್ಲಿನ ಒಳಬದಿಗೆ ಏನೂ ತಲುಪಲಿಲ್ಲ. ರೋಗ ಕೂರುವುದು ಅಲ್ಲೇ, ಮತ್ತೆ ಎರಡು ಹಲ್ಲಿನ ಸಂದಿಯಲ್ಲಿ. ನಾರು ಸವೆದ ತುದಿಯನ್ನು ಕತ್ತರಿಸಿ ಹೊಸದು ಬಿಡಿಸಬೇಕು, ವಸಡಿನ ಅಂಚಿಗೆ ಮೆಲ್ಲಗೆ ತಾಗಿಸಬೇಕು. ರಾತ್ರಿ ಮಲಗುವ ಮೊದಲು ಮೆದು ಬ್ರಶ್‌ನಿಂದ ಎರಡು ನಿಮಿಷ, ಸಂದಿಗೆ ದಾರ ಅಥವಾ ಸಣ್ಣ ಬ್ರಶ್. ಉಮಿಕರಿ, ಮಾವಿನೆಲೆ ಎಂದೆಲ್ಲ ಹಿರಿಯರು ಮಾಡುತ್ತಿದ್ದರು ನಿಜ, ಅವರಲ್ಲಿ ಎಷ್ಟು ಮಂದಿ ಅರುವತ್ತಕ್ಕೆ ಪೂರ್ತಿ ಹಲ್ಲು ಉಳಿಸಿಕೊಂಡಿದ್ದರು ಎಂದೂ ನೆನಪು ಮಾಡಿಕೊಳ್ಳಬೇಕು.

ಕ್ಲೀನಿಂಗ್ ಎಂದರೆ ಹೆದರಿಕೆ ಬೇರೆ. "ಕಾಕ ಕ್ಲೀನ್ ಮಾಡಿಸಿದ್ದೇ ಮಾಡಿಸಿದ್ದು, ಹಲ್ಲೆಲ್ಲ ಅಲುಗಾಡಲು ಶುರುವಾಯಿತು" ಎಂಬ ಕಥೆ ಪ್ರತಿ ಕುಟುಂಬದಲ್ಲೂ ಒಂದುಂಟು. ಆ ಕಾಕನ ಹಲ್ಲು ಸಡಿಲವಾದದ್ದು ಕ್ಲೀನಿಂಗ್‌ನಿಂದ ಅಲ್ಲ. ಒಳಗಿನ ಮೂಳೆ ಮೊದಲೇ ಕರಗಿತ್ತು, ಹೊರಗೆ ಕಿಟ್ಟ ಸಿಮೆಂಟಿನ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿತ್ತು. ಅದನ್ನು ತೆಗೆದಾಗ ಇದ್ದ ಸತ್ಯ ಕಂಡಿತು. ಐದು ವರ್ಷ ಮೊದಲೇ ಹೋಗಿದ್ದರೆ ಹಲ್ಲು ಗಟ್ಟಿಯಾಗಿಯೇ ಉಳಿಯುತ್ತಿತ್ತು. ಸೇದುವವರಿಗೆ ಇನ್ನೊಂದು ಮೋಸವಿದೆ. ತಂಬಾಕು ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಅವರಿಗೆ ರಕ್ತ ಬರುವುದೇ ಕಮ್ಮಿ. "ನನಗೆ ಒಂದು ಹನಿ ರಕ್ತ ಬರುವುದಿಲ್ಲ" ಎಂದು ಬೀಡಿ ಸೇದುವವರು ಜಂಬ ಕೊಚ್ಚುವಾಗ ಒಳಗೆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಸಾವಿರಾರು ಮಂದಿ. ಆ ಸೂಪಿನಿಂದ ಎದ್ದ ಬೀಡಿ ಮನೆಯ ಗಂಡಸರ ಬಾಯಿಗೆ ಬರುವುದನ್ನು ನಿಲ್ಲಿಸಲು ಅವರ ಒಂದು ಮಾತಿಗೆ ಇರುವ ತೂಕ ಬೇರೆ ಯಾರ ಭಾಷಣಕ್ಕೂ ಇಲ್ಲ.

ಗಲ್ಫ್‌ನಲ್ಲಿರುವವರ ಕಥೆ ಬೇರೆ ಥರ. ಅಲ್ಲಿ ಹಲ್ಲಿನ ಖರ್ಚು ಹೆಚ್ಚಿನವರ ಇನ್ಶೂರೆನ್ಸ್‌ಗೆ ಸೇರುವುದಿಲ್ಲ. "ಊರಿಗೆ ಹೋದಾಗ ನೋಡುವ" ಎಂದು ಎರಡು ವರ್ಷ ತಳ್ಳುತ್ತಾರೆ. ಊರಿಗೆ ಬಂದರೆ ಒಂದು ತಿಂಗಳಲ್ಲಿ ಮೂರು ಮದುವೆ, ಮನೆ ಕಟ್ಟುವ ಕೆಲಸ, ಬ್ಯಾಂಕು. ಆಳಕ್ಕೆ ಇಳಿದ ವಸಡಿನ ರೋಗ ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಯುವುದೂ ಇಲ್ಲ. ಬಂದ ಮೊದಲ ವಾರವೇ ತೋರಿಸಿದರೆ ವಾಪಸ್ ಹೋಗುವ ಮೊದಲು ಒಂದು ಹಂತಕ್ಕೆ ಬರುತ್ತದೆ. ರಮಝಾನ್‌ನಲ್ಲಿ ರಜೆ ಇರುವವರು ಇಫ್ತಾರ್ ಬಳಿಕದ ಸಮಯ ಕೇಳಿ ಪಡೆಯಬಹುದು, ಉಪವಾಸದ ಬಗ್ಗೆ ಸಂಶಯ ಇದ್ದರೆ ಉಸ್ತಾದರಲ್ಲಿ ಕೇಳಿದರಾಯಿತು. ಸುಮ್ಮನೆ ಒಂದು ತಿಂಗಳು ಕಳೆಯುವುದು ಬೇಡ.

ಸಕ್ಕರೆ ಕಾಯಿಲೆಯವರಿಗಂತೂ ಈ ವಿಷಯದಲ್ಲಿ ಆಧಾರ ಬಹಳ ಗಟ್ಟಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಇಳಿಯುವುದಿಲ್ಲ. ವಸಡಿಗೆ ಸರಿಯಾದ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ವರದಿ ಹೇಳಿದೆ. ಸೋರಿಯಾಸಿಸ್ ಜೊತೆಗೆ ಸಕ್ಕರೆಯೂ ಇರುವವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಚರ್ಮಕ್ಕೆ ಪ್ರಯೋಜನ ಆಗುತ್ತದೋ ಇಲ್ಲವೋ ಎಂದು ಕಾಯುವ ಅಗತ್ಯವೇ ಅವರಿಗಿಲ್ಲ. ಹಲ್ಲು ಉಳಿಯುತ್ತದೆ, ಸಕ್ಕರೆ ಇಳಿಯುತ್ತದೆ, ಅಷ್ಟು ಸಾಲದೇ?

ನಮಗೆ ಹೆಚ್ಚು ಚಿಂತೆ ಇರುವುದು ಮುಚ್ಚಿಡುವವರ ಬಗ್ಗೆ. ಹಲ್ಲಿನ ಡಾಕ್ಟರಿಗೆ ಚರ್ಮದ ಕಾಯಿಲೆ ಹೇಳುವುದಿಲ್ಲ, "ಅದಕ್ಕೂ ಇದಕ್ಕೂ ಏನು" ಅಂತ. ಚರ್ಮದ ಡಾಕ್ಟರಿಗೆ ವಸಡು ತೋರಿಸುವುದಿಲ್ಲ, ಅವರು ಕೇಳುವುದೂ ಇಲ್ಲ. ಆದರೆ ಸೋರಿಯಾಸಿಸ್‌ಗೆ ಕೊಡುವ ಸೈಕ್ಲೋಸ್ಪೊರಿನ್‌ನಿಂದ ವಸಡು ಬೆಳೆದು ಹಲ್ಲಿನ ಮೇಲೆ ಏರಬಹುದು. ಮೆಥೊಟ್ರೆಕ್ಸೇಟ್‌ನಿಂದ ಬಾಯಿಹುಣ್ಣಾಗಬಹುದು. ಹಲ್ಲು ಕೀಳುವ ಮೊದಲು ಇವೆಲ್ಲ ಗೊತ್ತಿರಲೇಬೇಕು. ಮೆಥೊಟ್ರೆಕ್ಸೇಟ್ ಬಗ್ಗೆ ಇನ್ನೊಂದು ಮಾತು: ಚರ್ಮಕ್ಕೆ ಅದನ್ನು ಬರೆಯುವುದು ವಾರಕ್ಕೆ ಒಂದು ದಿನ ಮಾತ್ರ. ಚೀಟಿ ತಪ್ಪಾಗಿ ಓದಿ ದಿನಾ ನುಂಗಿದವರ ಜೀವಕ್ಕೇ ಕುತ್ತು ಬಂದದ್ದಿದೆ. ಚೀಟಿ ಇಲ್ಲದೆ ತರುವ ಸ್ಟಿರಾಯ್ಡ್ ಮುಲಾಮು, ಪುಡಿ, ಗುಳಿಗೆಗಳೂ ಹಾಗೆಯೇ. ಎರಡು ವಾರ ಮಂತ್ರ ಹಾಕಿದ ಹಾಗೆ ಚರ್ಮ ತಿಳಿಯಾಗುತ್ತದೆ, ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಏಳುತ್ತದೆ.

ನಿಕಾಹ್ ಮಾತುಕತೆಯಲ್ಲಿ ಸೋರಿಯಾಸಿಸ್ ಮುಚ್ಚಿಟ್ಟು ಮದುವೆಯಾದ ಹುಡುಗಿ ಗಂಡನ ಮನೆಯಲ್ಲಿ ಗುಳಿಗೆಯನ್ನು ಎಲ್ಲಿ ಇಡುತ್ತಾಳೆ? ಬ್ಯಾಗಿನ ತಳದಲ್ಲಿ. ಗರ್ಭಿಣಿಯಾದ ಮೇಲೂ ಯಾರಲ್ಲಿ ಹೇಳುತ್ತಾಳೆ? ಮೆಥೊಟ್ರೆಕ್ಸೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಅಸಿಟ್ರೆಟಿನ್ ಎಂಬ ಮದ್ದು ತೆಗೆದುಕೊಂಡವರು ಅದನ್ನು ನಿಲ್ಲಿಸಿ ಮೂರು ವರ್ಷದ ತನಕ ಗರ್ಭ ಧರಿಸಬಾರದು. ಇಂತಹ ವಿಷಯವನ್ನು ಅವಳೊಬ್ಬಳ ಎದೆಯಲ್ಲಿ ಹೂತಿಡುವ ಹಾಗೆ ಮಾಡಿದ್ದು ನಾವೇ, ಅಂದರೆ ಕಲೆ ಕಂಡ ಕೂಡಲೇ ಸಂಬಂಧ ಬೇಡ ಎಂದು ಎದ್ದು ಹೋಗುವ ನಮ್ಮ ಮನೆಗಳು. ತಂದೆ ಅಥವಾ ತಾಯಿಗೆ ಸೋರಿಯಾಸಿಸ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು ಹೌದು, ಆದರೆ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಗಂಡಿನ ಸಕ್ಕರೆ ಕಾಯಿಲೆಯನ್ನು "ಈಗ ಯಾರಿಗಿಲ್ಲ" ಎಂದು ಒಪ್ಪಿಕೊಳ್ಳುವ ನಾವು ಹೆಣ್ಣಿನ ಮೊಣಕೈ ಕಲೆಯನ್ನು ಒಪ್ಪಿಕೊಳ್ಳದಿರುವುದಕ್ಕೆ ಯಾವ ನ್ಯಾಯವೂ ಇಲ್ಲ.

ಸರಕಾರದ ಕಡೆಯಿಂದಲೂ ದೃಷ್ಟಿ ಬದಲಾಗಬೇಕು. 2014ರಲ್ಲಿ ಶುರುವಾದ ದಂತಭಾಗ್ಯದಲ್ಲಿ ಬಡ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಟ್ಟರು, ಒಳ್ಳೆಯ ಕೆಲಸವೇ. ಹಲ್ಲು ಉದುರಿದ ಮೇಲೆ ಸೆಟ್ ಕೊಡುವುದಕ್ಕಿಂತ ಉದುರುವ ಮೊದಲು ವಸಡು ನೋಡುವುದು ಅಗ್ಗ. ನಮ್ಮ ಜಿಲ್ಲೆಯವರಿಗಂತೂ ದೂರ ಹೋಗಬೇಕಾಗಿಯೇ ಇಲ್ಲ. ಮಂಗಳೂರು, ದೇರಳಕಟ್ಟೆಯಿಂದ ಸುಳ್ಯದ ತನಕ ಡೆಂಟಲ್ ಕಾಲೇಜುಗಳಿವೆ. ಪ್ರತಿ ಕಾಲೇಜಿನಲ್ಲೂ ವಸಡಿಗೇ ಬೇರೆ ವಿಭಾಗ ಉಂಟು, ಖಾಸಗಿ ಕ್ಲಿನಿಕ್‌ಗಿಂತ ಕಮ್ಮಿ ಖರ್ಚಿನಲ್ಲಿ ಆಗುತ್ತದೆ. ವಿದ್ಯಾರ್ಥಿಗಳು ಮಾಡುವುದಲ್ವಾ ಎಂದು ಹಿಂಜರಿಯುವವರಿದ್ದಾರೆ. ಪಕ್ಕದಲ್ಲಿ ಪ್ರೊಫೆಸರ್ ನಿಂತು ನೋಡುತ್ತಾರೆ, ಸಮಯ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ವರ್ಷಕ್ಕೊಂದು ಆರೋಗ್ಯ ಶಿಬಿರ ಮಾಡುತ್ತವೆ. ರಕ್ತದಾನದಲ್ಲಂತೂ ನಮ್ಮ ಹುಡುಗರು ಎತ್ತಿದ ಕೈ. ಬಿಪಿ, ಸಕ್ಕರೆ, ಕಣ್ಣು ನೋಡುತ್ತಾರೆ. ಅದರ ಜೊತೆ ಈ ವರ್ಷ ಒಂದು ಕೆಲಸ ಮಾಡಿ ನೋಡಬಹುದು: ಮದ್ರಸದ ಒಂದು ಕೋಣೆಯಲ್ಲಿ ಚರ್ಮದ ಡಾಕ್ಟರನ್ನೂ ವಸಡಿನ ಡಾಕ್ಟರನ್ನೂ ಅಕ್ಕಪಕ್ಕ ಕೂರಿಸುವುದು. ಹೆಂಗಸರಿಗೆ ಬೇರೆ ಸಮಯ, ಸಾಧ್ಯವಾದರೆ ಮಹಿಳಾ ವೈದ್ಯರು, ಪರದೆಯ ಹಿಂದೆ. ಹೆಸರು ಬರೆಯುವ ಚೀಟಿಯಲ್ಲಿ ವಯಸ್ಸು, ಬಿಪಿ, ಸಕ್ಕರೆಯ ಕೆಳಗೆ ಇನ್ನೆರಡು ಸಾಲು ಸೇರಿಸಿದರೆ ಸಾಕು. ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ? ಚರ್ಮಕ್ಕೆ ಯಾವುದಾದರೂ ಮದ್ದು ನಡೆಯುತ್ತಿದೆಯೇ? ಬರುವವರು ಮನೆಯಲ್ಲಿರುವ ಗುಳಿಗೆಯ ಸ್ಟ್ರಿಪ್, ಮುಲಾಮಿನ ಟ್ಯೂಬು ಯಾವುದೂ ಬಿಡದೆ ಒಂದು ಚೀಲದಲ್ಲಿ ಹಾಕಿಕೊಂಡು ಬರಲಿ, ಹಳೆಯದಾದರೂ ಪರವಾಗಿಲ್ಲ.